ಎರಡು ಬೆರಳು ಹೆಚ್ಚು

ಕತ್ತರಿಯಕ್ಕನ ಅಂಗಡಿಯಲ್ಲಿ ಹೊಲಿಸಿದ ಬಟ್ಟೆಯನ್ನು ಬಿಗಿಯಾಯಿತೆಂದು ಎಸೆದವರು ಆ ಬೀದಿಯಲ್ಲಿ ಒಬ್ಬರೂ ಇರಲಿಲ್ಲ. ಕೋಟಾಗಲಿ, ಪ್ಯಾಂಟಾಗಲಿ, ಶಾಲೆಯ ಮಕ್ಕಳ ಲಂಗವಾಗಲಿ, ಹೊಲಿಗೆಯ ಒಳಮೈಯಲ್ಲಿ ಎರಡು ಬೆರಳಗಲದ ಬಟ್ಟೆಯನ್ನು ಹೆಚ್ಚಿಗೆ ಬಿಟ್ಟೇ ಅವಳು ಕತ್ತರಿ ಆಡಿಸುತ್ತಿದ್ದಳು. ಹೊಟ್ಟೆ ಬಂದರೆ, ಮಗು ಬೆಳೆದರೆ, ಬಿಚ್ಚಿ ಮತ್ತೆ ಹೊಲಿದರಾಯಿತು. “ಮನುಷ್ಯ ಅಂದ್ಮೇಲೆ ಉಬ್ತಾನೆ, ಬಟ್ಟೆ ಉಬ್ಬುತ್ತಾ?” ಎನ್ನುವುದು ಅವಳ ವಾದ. ಎದುರು ಸಾಲಿನ ರೆಡಿಮೇಡ್ ಅಂಗಡಿಯವರು ಒಂದು ನೂಲೂ ಮಿಗಿಸದೆ ಹೊಲಿಯುವುದನ್ನು ಕಂಡರೆ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು. ಒಳಗೆ ಬಟ್ಟೆ ಬಿಡದೆ ಹೊಲಿದು ಕೊಡುವುದೂ ಒಂದೇ, ಇನ್ನು ಈ ಕಡೆ ಬರಬೇಡ ಎಂದು ಗಿರಾಕಿಯ ಮುಖಕ್ಕೆ ಹೇಳುವುದೂ ಒಂದೇ ಎಂದು ಬಾಯ್ತುಂಬ ಬೈಯುತ್ತಿದ್ದಳು.

ಅಂಗಡಿ ಎಂದರೆ ಮೆಟ್ಟಿಲ ಕೆಳಗಿನ ಒಂದು ಉದ್ದನೆಯ ಕೋಣೆ. ಮಧ್ಯದಲ್ಲಿ ಕತ್ತರಿಸುವ ಮೇಜು, ಅದು ಅಕ್ಕನದು. ಕಿಟಕಿಯ ಬದಿಗೆ ಹೊಲಿಗೆಯಂತ್ರ, ಅದು ತಂಗಿಯದು. ತಾಯಿ ತೀರಿಕೊಂಡಾಗ ತಂಗಿಗೆ ಇನ್ನೂ ಹಾಲುಹಲ್ಲು ಬಿದ್ದಿರಲಿಲ್ಲ. ಅಕ್ಕ ಆಗಲೇ ಬೇರೆಯವರ ಅಂಗಡಿಯಲ್ಲಿ ಗುಂಡಿಗಳಿಗೆ ಕಾಜಾ ಹೊಲಿಯುತ್ತಿದ್ದಳು. ಅಲ್ಲಿಂದ ಮುಂದೆ ಆ ಮಗುವಿಗೆ ತಾಯಿಯೂ ಅವಳೇ, ತಂದೆಯೂ ಅವಳೇ, ತಲೆ ಬಾಚುವವಳೂ ಅವಳೇ. ಮದುವೆಯ ಮಾತು ಬಂದಾಗಲೆಲ್ಲ “ನನ್ನ ಅಳತೆಗೆ ಸರಿಯಾದ ಗಂಡು ಯಾವ ಅಂಗಡೀಲೂ ಸಿಗ್ಲಿಲ್ಲ” ಎಂದು ನಗುತ್ತಿದ್ದಳು. ನಿಜ ಬೇರೆಯೇ ಇತ್ತು. ಮಗುವನ್ನು ಯಾರ ಕೈಗೂ ಕೊಟ್ಟು ಹೋಗಲು ಅವಳಿಗೆ ಮನಸ್ಸು ಬಂದಿರಲಿಲ್ಲ.

ಆ ಮಗುವಿಗೆ ಪೆದ್ದಿ ಎಂಬ ಅಡ್ಡಹೆಸರು ಬಿದ್ದದ್ದು ಮೊದಲ ಅಂಗಿ ಹೊಲಿದ ದಿನ. ಎರಡು ತೋಳನ್ನೂ ಒಂದೇ ಬದಿಗೆ ಹೊಲಿದು, ಬಲು ಹೆಮ್ಮೆಯಿಂದ ತಂದು ತೋರಿಸಿದ್ದಳು. ಅಕ್ಕ ನಕ್ಕು ನಕ್ಕು ಕಣ್ಣಲ್ಲಿ ನೀರು ತಂದುಕೊಂಡು “ಅಯ್ಯೋ ನನ್ ಪೆದ್ದಿ” ಎಂದು ಬಾಚಿ ತಬ್ಬಿಕೊಂಡಳು. ಈಗ ಪೆದ್ದಿಯ ಕೂದಲೂ ಅಲ್ಲಲ್ಲಿ ನರೆಯುತ್ತಿತ್ತು, ಹೆಸರು ಮಾತ್ರ ಹಾಗೇ ಅಂಟಿಕೊಂಡಿತ್ತು. ಗಿರಾಕಿಗಳ ಎದುರಿಗೂ ಅದೇ ಕರೆ. ಇಷ್ಟು ವರ್ಷವಾದರೂ ಅಕ್ಕ ಅವಳ ಕೈಗೆ ದೊಡ್ಡ ಕತ್ತರಿ ಕೊಟ್ಟಿರಲಿಲ್ಲ. “ಕತ್ತರಿಸಿದ್ದು ಮತ್ತೆ ಅಂಟಲ್ಲ ಕಣೇ. ಅದು ನನ್ನ ಕೈಲೇ ಇರ್ಲಿ, ನೀನು ಅಂಚು ಹೊಲಿ” ಎನ್ನುತ್ತಿದ್ದಳು. ತಂಗಿ ಹೂಂ ಎಂದು ಅಂಚು ಹೊಲಿಯುತ್ತಿದ್ದಳು.

ಇಸ್ಪೀಟಿನ ಚಟ ಅಂಗಡಿಗೆ ಬಂದದ್ದು ಬಸ್ಸಿನ ಡ್ರೈವರನ ದೆಸೆಯಿಂದ. ಅವನಿಗಿದ್ದದ್ದು ಒಂದೇ ಸಮವಸ್ತ್ರ. ಪ್ಯಾಂಟಿನ ಸೊಂಟ ಸಡಿಲಿಸಲು ಕೊಟ್ಟರೆ, ಅದು ಮುಗಿಯುವವರೆಗೆ ಅಳತೆ ನೋಡುವ ಮೂಲೆಯ ಪರದೆಯ ಹಿಂದೆ ಪ್ಯಾಂಟಿಲ್ಲದೆ ಕೂತು ಫೋನಿನಲ್ಲಿ ಪೋಕರ್ ಆಡುತ್ತಿದ್ದ. ಒಳಗಿಂದ ಒಮ್ಮೆ ಗಹಗಹಿಸಿ ನಗು, ಒಮ್ಮೆ “ಹಾಳಾಗ್ ಹೋಗ” ಎಂಬ ಶಾಪ. ಅದೇನೆಂದು ಅಕ್ಕ ಕೇಳಿದಳು. ಅವನು ಪರದೆಯ ಹಿಂದಿನಿಂದಲೇ ಪಾಠ ಶುರುಮಾಡಿದ. ಪ್ರತಿಯೊಬ್ಬರಿಗೂ ಮುಚ್ಚಿದ ಎರಡು ಎಲೆ, ನಡುವೆ ಎಲ್ಲರಿಗೂ ಸೇರಿ ತೆರೆಯುವ ಐದು ಎಲೆ. ಎರಡನ್ನೂ ಕೂಡಿಸಿ ಯಾರ ಕೈ ದೊಡ್ಡದೋ ಅವರು ಗೆದ್ದರು. ಇಲ್ಲವೇ ಎದುರಿನವರೆಲ್ಲ ಹೆದರಿ ಎಲೆ ಬಿಸಾಡುವ ಹಾಗೆ ಮಾಡಬೇಕು. ಸಣ್ಣ ಟೂರ್ನಿಗಳಿಗೆ ಸೇರುವ ಶುಲ್ಕ ಒಂದು ಲೋಟ ಚಹಾದಷ್ಟು. ಎಲ್ಲರಿಗೂ ಸಮನಾಗಿ ಆಟದ ಬಿಲ್ಲೆ ಕೊಡುತ್ತಾರೆ. ಒಬ್ಬರು ನಡುವಿನ ರಾಶಿಗೆ ಬಿಲ್ಲೆ ಕಟ್ಟಿದರೆ ಉಳಿದವರು ಅಷ್ಟೇ ಹಾಕಿ ಹೂಂ ಎನ್ನಬೇಕು, ಇಲ್ಲವೇ ಎಲೆ ಬಿಸಾಡಬೇಕು. ಬಿಲ್ಲೆ ಮುಗಿದವರು ಏಳಬೇಕು, ಕೊನೆಗೆ ಉಳಿದವರು ಗೆದ್ದಂತೆ.

ಅಕ್ಕನಿಗೆ ಆಟ ಬೇಗ ಕೈಹತ್ತಿತು. ಮಧ್ಯಾಹ್ನದ ಊಟವಾಗಿ ಗಿರಾಕಿಗಳ ಕಾಲ್ಸದ್ದು ಇಲ್ಲದ ಹೊತ್ತಿನಲ್ಲಿ ಫೋನನ್ನು ಸೀಮೆಸುಣ್ಣದ ಡಬ್ಬಿಗೆ ಒರಗಿಸಿ ಕೂರುತ್ತಿದ್ದಳು. ಆಟದಲ್ಲಿ ಅವಳ ಹೆಸರು ‘ಸೂಜಿ’. ಇಂಥ ಅಗ್ಗದ ಟೂರ್ನಿಗೆ ಬರುವವರೆಲ್ಲ ನಿನ್ನೆ ಮೊನ್ನೆ ಕಲಿತವರು ಎಂಬುದನ್ನು ಅವಳು ಮೊದಲ ವಾರದಲ್ಲೇ ಕಂಡುಕೊಂಡಳು. ಹೊಸ ಗಿರಾಕಿಯ ನಡಿಗೆ ನೋಡಿಯೇ ಸೊಂಟದ ಅಳತೆ ಹೇಳುವವಳಿಗೆ ಅದೇನು ದೊಡ್ಡದಲ್ಲ. ಕಂಡುಕೊಂಡದ್ದನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳುವ ಜಾಯಮಾನವೂ ಅವಳದಲ್ಲ. ಆಡುತ್ತಾ ಆಡುತ್ತಾ, ಯಂತ್ರದ ಮುಂದೆ ಕೂತ ತಂಗಿಗೆ ಎಲ್ಲವನ್ನೂ ಗಿಣಿಗೆ ಹೇಳುವಂತೆ ಹೇಳುತ್ತಿದ್ದಳು.

“ನೋಡೇ ಪೆದ್ದಿ, ಹೊಸಬರಿಗೆ ಎಲೆ ಬಿಸಾಡೋಕೆ ಕೈ ಬರಲ್ಲ. ಆಡೋಕ್ ಬಂದ್ಮೇಲೆ ಆಡ್ಲೇಬೇಕು ಅಂತ ಕಸದಂಥ ಎಲೆಗೂ ಹೂಂ ಅಂತಾರೆ. ಅವರು ಹೊಡೆದಾಡ್ಕೊಂಡು ಸಾಯ್ಲಿ, ನಾವು ಮೊದಮೊದಲು ಸುಮ್ನೆ ಕೂತಿರ್ಬೇಕು.”

“ಹೂಂ ಅಕ್ಕ.”

“ಅವರ ಮುಂದೆ ಬ್ಲಫ್ ಮಾಡೋಕೆ ಹೋಗ್ಬಾರ್ದು. ಕೈಲಿ ಏನೂ ಇಲ್ದೆ ಇದೆ ಅಂತ ಹೆದರಿಸ್ಬೇಕು ಅಂದ್ರೆ, ಎದುರಿಗಿರೋನಿಗೆ ಹೆದರೋವಷ್ಟಾದ್ರೂ ಬುದ್ಧಿ ಬೇಡ್ವಾ? ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ. ಒಳ್ಳೆ ಎಲೆ ಬಂದಾಗ ಮಾತ್ರ ಧಾರಾಳವಾಗಿ ಕಟ್ಬೇಕು. ಕರೆದು ಕರೆದು ಕೊಟ್ಟು ಹೋಗ್ತಾರೆ.”

“ಎಷ್ಟು ಕಟ್ಬೇಕಕ್ಕ?”

ಆ ಪ್ರಶ್ನೆಗೆ ಅಕ್ಕನ ಮುಖ ಅರಳಿತು. ಅದು ಅವಳದೇ ಸ್ವಂತ ಲೆಕ್ಕ, ಡ್ರೈವರನಿಗೂ ಗೊತ್ತಿರಲಿಲ್ಲ. “ನಡುವೆ ಇರೋ ರಾಶಿಯ ಅರ್ಧ, ಅದರ ಮೇಲೆ ಎರಡು ಬೆರಳು, ಅಂದ್ರೆ ಆ ಅರ್ಧದ ಹತ್ತರಲ್ಲೊಂದು ಪಾಲು. ಅರ್ಧ ಅಂದ್ರೆ ಹೊಸಬನಿಗೆ ಅಗ್ಗ ಅನ್ಸುತ್ತೆ, ಮೇಲಿನ ಎರಡು ಬೆರಳು ಅವನ ಕಣ್ಣಿಗೆ ಬೀಳಲ್ಲ. ಸಂಜೆ ಹೊತ್ತಿಗೆ ಆ ಎರಡು ಬೆರಳೇ ಒಂದು ಅಂಗಿ ಆಗಿರುತ್ತೆ.”

ಇನ್ನೊಂದು ಸೂತ್ರವಿತ್ತು, ಅದೇ ಎಲ್ಲಕ್ಕಿಂತ ಮೇಲಿನದು. ಬರೀ ಹೂಂ ಹೂಂ ಎನ್ನುತ್ತಿದ್ದ ಹೊಸಬ ಇದ್ದಕ್ಕಿದ್ದಂತೆ ತಾನೇ ಮುಂದಾಗಿ ಕಟ್ಟಿದರೆ ಅವನನ್ನು ನಂಬಬೇಕು. ಕೈಯಲ್ಲಿ ಎಂಥ ಎಲೆಯಿದ್ದರೂ ಬಿಸಾಡಿಬಿಡಬೇಕು. “ಪೆದ್ದರಿಗೆ ಸುಳ್ಳು ಹೇಳೋಕ್ ಬರಲ್ಲ ಕಣೇ” ಎಂದು ಅಕ್ಕ ಹೇಳುವಾಗ ತಂಗಿ ಸೂಜಿಗೆ ದಾರ ಪೋಣಿಸುತ್ತಿದ್ದಳು. ಆಗಲೂ ಹೂಂ ಎಂದಳು.

ಆ ಬೇಸಿಗೆಯಲ್ಲಿ ಆಟದ ಕಂಪನಿಯವರು ಪ್ರತಿ ಬುಧವಾರ ಮಧ್ಯಾಹ್ನಕ್ಕೆ ಒಂದು ಸಾಲು ಟೂರ್ನಿ ಇಟ್ಟರು. ಚಳಿ ಶುರುವಾಗುವವರೆಗೆ ನಡೆಯುವ ಈ ಸಾಲಿನಲ್ಲಿ ಹೆಚ್ಚು ಅಂಕ ಪಡೆದವರಿಗೆ ಸಮುದ್ರತೀರದ ಹೋಟೆಲಿನಲ್ಲಿ ನಡೆಯುವ ದೊಡ್ಡ ಆಟದಲ್ಲಿ ಒಂದು ಕುರ್ಚಿ. ಜೊತೆಗೊಬ್ಬರನ್ನು ಕರೆದುಕೊಂಡು ಹೋಗಬಹುದು. ಅಕ್ಕನಿಗೆ ದೊಡ್ಡ ಆಟ ಬೇಕಿರಲಿಲ್ಲ. ಅವಳಿಗೆ ಬೇಕಿದ್ದದ್ದು ಸಮುದ್ರ. ಚಿಕ್ಕಂದಿನಲ್ಲಿ ಪೆದ್ದಿ ಸಮುದ್ರ ನೋಡಬೇಕೆಂದು ಹಟ ಹಿಡಿದು ನೆಲದ ಮೇಲೆ ಹೊರಳಾಡಿದಾಗ “ನಾನ್ ಕರ್ಕೊಂಡ್ ಹೋಗ್ತೀನಿ, ಅಳ್ಬೇಡ” ಎಂದು ಮಾತು ಕೊಟ್ಟಿದ್ದಳು. ಇವತ್ತು ನಾಳೆ ಎನ್ನುತ್ತಾ ಆ ಮಾತು ಹಾಗೇ ಉಳಿದುಹೋಗಿತ್ತು. ಈಗ ಗೆದ್ದು, ಟಿಕೆಟ್ಟನ್ನು ತಂಗಿಯ ಯಂತ್ರದ ಮೇಲಿಟ್ಟು, ಅವಳ ಮುಖ ನೋಡಬೇಕು. ಅದಕ್ಕೇ ಅವಳು ಈ ಬಹುಮಾನದ ಸುದ್ದಿಯನ್ನು ಮಾತ್ರ ತಂಗಿಯ ಮುಂದೆ ಬಾಯಿಬಿಡಲಿಲ್ಲ. ಸಮುದ್ರದ ಗಾಳಿ ಚಳಿ ಎಂದು ಕೇಳಿದ್ದಳು. ಕಡುನೀಲಿ ಉಣ್ಣೆಬಟ್ಟೆ ತಂದು ತಂಗಿಯ ಅಳತೆಗೆ ಒಂದು ಕೋಟನ್ನು ಕತ್ತರಿಸಿ, ಯಾರೋ ಗಿರಾಕಿಯದೆಂದು ಸುಳ್ಳು ಹೇಳಿ, ಬಿಡುವಾದಾಗಲೆಲ್ಲ ಕೈಹೊಲಿಗೆ ಹಾಕುತ್ತಿದ್ದಳು. ಒಳಗೆ ಎರಡು ಬೆರಳು ಬಿಟ್ಟಿದ್ದಳೆಂದು ಬೇರೆ ಹೇಳಬೇಕಾಗಿಲ್ಲ.

ಬುಧವಾರ ಮಧ್ಯಾಹ್ನ ತಂಗಿ ಅಂಗಡಿಯಲ್ಲಿ ಇರುತ್ತಿರಲಿಲ್ಲ. ಗುಂಡಿ, ದಾರ, ಜಿಪ್ಪು ತರಲು ಬಟನ್ ಅಂಗಡಿಗೆ ಹೋಗುವ ದಿನ ಅದು. ಆದ್ದರಿಂದ ಅಕ್ಕ ಬುಧವಾರದ ಆಟವನ್ನು ಒಬ್ಬಳೇ ಆಡಿ, ಸಂಜೆ ತಂಗಿ ಬಂದಮೇಲೆ ಕತೆ ಹೇಳುತ್ತಿದ್ದಳು. ಆ ಕತೆಯ ನಾಯಕ ‘ಬಾತುಕೋಳಿ’ ಎಂಬ ಹೆಸರಿನ ಒಬ್ಬ ಆಟಗಾರ. ಇಷ್ಟು ಪೆದ್ದನನ್ನು ಅಕ್ಕ ಕಂಡೇ ಇರಲಿಲ್ಲ. ಎಲೆ ಬಂದರೆ ಸಮಯವೆಲ್ಲ ಮುಗಿಯುವ ತನಕ ಯೋಚಿಸುವುದು, ಕೊನೆಗೆ ಹೂಂ ಎನ್ನುವುದು. ಗೆದ್ದರೂ ಸೋತರೂ ತೆರೆಯ ಮೇಲೆ ಒಂದು ಬಾತುಕೋಳಿಯ ಚಿತ್ರ ಕುಣಿಸುವುದು. ತಾನಾಗಿ ಕಟ್ಟಿದ್ದು ಒಂದು ದಿನವೂ ಇಲ್ಲ. ಹಾಗಿದ್ದೂ ಉಳಿದವರು ತಾವಾಗಿ ಬಂದು ಅದರ ಮೇಲೆ ಬಿದ್ದು ಸೋಲುತ್ತಿದ್ದರು, ಅದು ಅಂಕ ಪಡೆಯುತ್ತಾ ಮೇಲೇರುತ್ತಿತ್ತು.

“ಬಾತುಕೋಳಿ ಇವತ್ತೇನ್ ಮಾಡ್ತಕ್ಕ?” ಎಂದು ತಂಗಿ ಬರುತ್ತಿದ್ದಂತೆಯೇ ಕೇಳುತ್ತಿದ್ದಳು. ಅಕ್ಕ ಅದರ ಅವತಾರವನ್ನೆಲ್ಲ ಬಣ್ಣಿಸುತ್ತಿದ್ದಳು, ಮುಂದಿನ ವಾರ ಅದನ್ನು ಹೇಗೆ ಹಿಡಿಯುತ್ತೇನೆ ಎಂದು ವಿವರಿಸುತ್ತಿದ್ದಳು, ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಅಕ್ಕನಿಗೆ ಆ ಸಂಜೆಗಳು ಬಹಳ ಇಷ್ಟವಾಗಿದ್ದವು. ತಂಗಿ ಇಷ್ಟು ಬಾಯಿಬಿಟ್ಟು ನಕ್ಕು ಎಷ್ಟೋ ಕಾಲವಾಗಿತ್ತು.

ಒಮ್ಮೆ ಡ್ರೈವರ್ ಪರದೆಯ ಹಿಂದಿನಿಂದ ಎಚ್ಚರಿಸಿದ್ದ. “ಅಕ್ಕಾ, ಒಂದ್ ಸಲ ಗೆದ್ರೆ ಅದೃಷ್ಟ. ವಾರ ವಾರ ಗೆದ್ರೆ? ಮಳ್ಳಿ ಮಳ್ಳಿ ಮಂಚಕ್ಕೆಷ್ಟು ಕಾಲು ಅಂದ್ರೆ ಮೂರು ಮತ್ತೊಂದು ಅಂದ್ಲಂತೆ. ಆ ಬಾತುಕೋಳಿನ ಸ್ವಲ್ಪ ನೋಡ್ಕೊಂಡ್ ಆಡು.”

“ಪೆದ್ದರನ್ನ ಸಾಕಿ ಬೆಳೆಸಿದೋಳು ನಾನು, ನಂಗೇ ಹೇಳ್ಕೊಡ್ಬೇಡ. ಪ್ಯಾಂಟ್ ತಗೋ” ಎಂದು ಅಕ್ಕ ಪರದೆಯ ಮೇಲಿಂದ ಪ್ಯಾಂಟನ್ನು ಎಸೆದಳು. ಯಂತ್ರದ ಮುಂದಿದ್ದ ತಂಗಿ ತಲೆಯೆತ್ತದೆ ಹೊಲಿಯುತ್ತಿದ್ದಳು.

ಕೊನೆಯ ಬುಧವಾರ ಬಂತು. ಅಂಕದಲ್ಲಿ ಸೂಜಿ ಮೊದಲು, ಕೂದಲೆಳೆಯಷ್ಟು ಹಿಂದೆ ಬಾತುಕೋಳಿ. ಇಬ್ಬರಲ್ಲಿ ಆವತ್ತು ಯಾರು ಹೆಚ್ಚು ಹೊತ್ತು ಉಳಿಯುತ್ತಾರೋ ಅವರಿಗೆ ಸಮುದ್ರ. ಅಕ್ಕ ತನ್ನ ಸೂತ್ರಗಳನ್ನು ಒಂದೂ ಬಿಡದೆ ಪಾಲಿಸಿದಳು. ಮೊದಲು ಸುಮ್ಮನೆ ಕೂತಳು. ಒಳ್ಳೆಯ ಎಲೆಗೆ ಧಾರಾಳವಾಗಿ ಕಟ್ಟಿದಳು. ಒಬ್ಬೊಬ್ಬರಾಗಿ ಎದ್ದುಹೋದರು. ಕೊನೆಗೆ ಉಳಿದದ್ದು ಅವಳು ಮತ್ತು ಬಾತುಕೋಳಿ. ಅವಳಿಗೆ ನಗು ಬಂತು. ಇದಕ್ಕಿಂತ ಸುಲಭದ ಎದುರಾಳಿಯನ್ನು ದೇವರನ್ನೇ ಕೇಳಿದ್ದರೂ ಕೊಡುತ್ತಿರಲಿಲ್ಲ.

ಅವಳ ಕೈಗೆ ಎರಡು ರಾಣಿಯರು ಬಂದರು. ಕಟ್ಟಿದಳು, ಬಾತುಕೋಳಿ ಹೂಂ ಎಂದಿತು. ನಡುವೆ ಸಣ್ಣಪುಟ್ಟ ಎಲೆಗಳು ತೆರೆದವು. ಮತ್ತೆ ಕಟ್ಟಿದಳು, ಮತ್ತೆ ಹೂಂ. ರಾಶಿ ಎಂಟು ಸಾವಿರಕ್ಕೆ ಏರಿತು, ಅವಳ ಬಿಲ್ಲೆಗಳಲ್ಲಿ ಅರ್ಧಕ್ಕೆ ಹತ್ತಿರ ಅಲ್ಲೇ ಇತ್ತು. ಕೊನೆಯ ಎಲೆ ತೆರೆದಾಗ ಎಕ್ಕ ಬಿತ್ತು. ಎದುರಿನವರ ಕೈಯಲ್ಲಿ ಇನ್ನೊಂದು ಎಕ್ಕವಿದ್ದರೆ ರಾಣಿಯರು ಸೋತ ಹಾಗೆ. ಅಕ್ಕ ಏನೂ ಕಟ್ಟದೆ ಕಾದಳು. ಬಾತುಕೋಳಿ ಬಹಳ ಹೊತ್ತು ತಡೆದು, ಇಷ್ಟು ತಿಂಗಳಲ್ಲಿ ಮೊದಲ ಬಾರಿಗೆ, ತಾನಾಗಿ ಮುಂದೆ ಬಂದು ಕಟ್ಟಿತು.

ಅತ್ತ ದರಿ, ಇತ್ತ ಪುಲಿ. ರಾಣಿಯರನ್ನು ಬಿಡಲು ಮನಸ್ಸು ಬಾರದು. ಆದರೆ ಸೂತ್ರ ಅಂದರೆ ಸೂತ್ರ. ಪೆದ್ದರಿಗೆ ಸುಳ್ಳು ಹೇಳಲು ಬರುವುದಿಲ್ಲ. ಅಕ್ಕ ಎಲೆ ಬಿಸಾಡಿದಳು.

ಗೆದ್ದವರು ತಮ್ಮ ಎಲೆ ತೋರಿಸಬೇಕಾದ ನಿಯಮವಿಲ್ಲ. ಬಾತುಕೋಳಿ ತೋರಿಸಿತು. ಒಂದು ಏಳು, ಒಂದು ಎರಡು. ಯಾವುದಕ್ಕೂ ಯಾವುದೂ ಸೇರದ ಶುದ್ಧ ಕಸ. ಆಮೇಲೆ ಚಿತ್ರದ ಬಾತುಕೋಳಿ ರೆಕ್ಕೆ ಬಡಿದು ಕುಣಿಯಿತು. ಉಳಿದ ಬಿಲ್ಲೆಗಳನ್ನು ಅಕ್ಕ ಹೇಗೆ ಕಳೆದಳೋ ಅವಳಿಗೇ ತಿಳಿಯಲಿಲ್ಲ. ಆಟ ಮುಗಿದು, ತೆರೆಯ ಮೇಲೆ ಬಾತುಕೋಳಿಗೆ ಅಭಿನಂದನೆ ಬಂದು ಹೋಯಿತು. ಅವಳು ಮಾತ್ರ ಆ ಒಂದು ಸಂಖ್ಯೆಯನ್ನೇ ನೋಡುತ್ತಾ ಕೂತಿದ್ದಳು. ಎಂಟು ಸಾವಿರದ ರಾಶಿಗೆ ಬಾತುಕೋಳಿ ಕಟ್ಟಿದ್ದು ನಾಲ್ಕು ಸಾವಿರದ ನಾನೂರು. ಹೊಸಬರು ನಾಲ್ಕು ಕಟ್ಟುತ್ತಾರೆ, ಎಂಟು ಕಟ್ಟುತ್ತಾರೆ, ಹುಚ್ಚು ಹತ್ತಿದರೆ ಇದ್ದದ್ದೆಲ್ಲ ಕಟ್ಟುತ್ತಾರೆ. ಅರ್ಧದ ಮೇಲೆ ಎರಡು ಬೆರಳು ಬಿಡುವವರು ಲೋಕದಲ್ಲಿ ಇದ್ದದ್ದು ಒಬ್ಬಳೇ, ಅವಳು ಅದನ್ನು ಹೇಳಿಕೊಟ್ಟದ್ದೂ ಒಬ್ಬಳಿಗೇ. ಅಕ್ಕ ಫೋನನ್ನು ಮಗುಚಿ ಇಟ್ಟಳು. ನಂಬಿದ ಎಮ್ಮೆ ಕೋಣ ಈಯಿತು ಎಂದು ಇಷ್ಟು ವರ್ಷ ಊರವರ ಕತೆಗೆಲ್ಲ ಹೇಳುತ್ತಿದ್ದಳು. ಈಗ ಆ ಎಮ್ಮೆ ಅವಳ ಕೊಟ್ಟಿಗೆಯದೇ ಆಗಿತ್ತು.

ಸಂಜೆ ತಂಗಿ ಬಂದಳು. ಕೈಯಲ್ಲಿ ಗುಂಡಿಯ ಪೊಟ್ಟಣ. ಯಂತ್ರದ ಮುಂದೆ ಕೂತು, ಅದನ್ನು ಮಡಿಲಲ್ಲಿಟ್ಟುಕೊಂಡು, ಎಂದಿನ ದನಿಯಲ್ಲೇ ಕೇಳಿದಳು.

“ಏನಾಯ್ತಕ್ಕ? ಬಾತುಕೋಳಿ ಏನ್ ಮಾಡ್ತು?”

“ನಾಲ್ಕು ಸಾವಿರದ ನಾನೂರು ಕಟ್ತು.”

“ಹೌದಾ?”

“ನಡುವೆ ಎಂಟು ಸಾವಿರ ಇತ್ತು. ಅರ್ಧ ಅಂದ್ರೆ ಎಷ್ಟೇ?”

“ನಾಲ್ಕು.”

“ಮೇಲಿನ ನಾನೂರು ಯಾಕೆ ಬಿಟ್ಟೆ?”

ಯಂತ್ರದ ಚಕ್ರದ ಮೇಲಿದ್ದ ತಂಗಿಯ ಕೈ ನಿಂತಿತು. ಇಲ್ಲ ಎಂದು ಆಣೆ ಹಾಕಿದ್ದರೆ ಅಕ್ಕ ಆ ಹೊತ್ತಿಗೆ ನಂಬಿಬಿಡುತ್ತಿದ್ದಳೇನೋ. ತಂಗಿ ಆಣೆ ಹಾಕಲಿಲ್ಲ.

“ಅಭ್ಯಾಸ” ಎಂದಳು. “ಕೈ ತಾನಾಗೇ ಬಿಡ್ತು.”

“ಯಾಕೇ ಹೀಗ್ ಮಾಡ್ದೆ?”

“ಆಟ ಅಲ್ವಾ ಅಕ್ಕ. ಆಟದಲ್ಲಿ ಅಕ್ಕ ಇಲ್ಲ ತಂಗಿ ಇಲ್ಲ ಅಂತ ನೀನೇ ಹೇಳ್ತಿದ್ದೆ.”

“ಸೋಲಿಸ್ಬೇಡ ಅಂದೋರು ಯಾರು? ಮುಖ ತೋರಿಸಿ ಸೋಲಿಸ್ಬೇಕಿತ್ತು!” ಅಕ್ಕ ಕೈಯಲ್ಲಿದ್ದ ಸೀಮೆಸುಣ್ಣವನ್ನು ಮೇಜಿಗೆ ಕುಕ್ಕಿದಳು. “ಪ್ರತಿ ಬುಧವಾರ ಇಲ್ಲೇ ಬಂದು ಕೂತು, ನನ್ನ ಬಾಯಿಂದ ಒಂದೊಂದೇ ಬಿಡಿಸ್ಕೊಂಡ್ಯಲ್ಲ. ನನ್ನ ಜೊತೆ ಕೂತು ನಕ್ಯಲ್ಲ. ಅದ್ಯಾವ ಆಟ ಅದು? ನಾನು ನಿನ್ನ ಜೊತೆ ನಗ್ತಿದೀನಿ ಅಂದ್ಕೊಂಡಿದ್ದೆ ಕಣೇ.”

ತಂಗಿ ಪೊಟ್ಟಣದ ದಾರ ಬಿಚ್ಚುತ್ತಾ ತಲೆ ತಗ್ಗಿಸಿದಳು. “ಮುಖ ತೋರ್ಸಿದ್ರೆ ಆಡೋಕೆ ಬಿಡ್ತಿದ್ಯಾ? ನಿಂಗೆ ತಿಳಿಯಲ್ಲ, ಅಂಚು ಹೊಲಿ ಅಂತಿದ್ದೆ.”

“ಅದಕ್ಕೆ ಪೆದ್ದಿ ವೇಷ ಹಾಕಿದ್ಯಾ?”

“ವೇಷ ಹೊಲಿದಿದ್ದು ನೀನು. ನಾನು ಹಾಕ್ಕೊಂಡೆ ಅಷ್ಟೆ.”

ಅಕ್ಕ ಮೂಲೆಯಲ್ಲಿ ಗೂಟಕ್ಕೆ ನೇತಾಡುತ್ತಿದ್ದ ಕಡುನೀಲಿ ಕೋಟಿನ ಕಡೆ ನೋಡಿ ಹೇಳಿದಳು, “ನಾನು ಗೆದ್ದಿದ್ರೆ ನಿನ್ನನ್ನೇ ಕರ್ಕೊಂಡು ಹೋಗ್ತಿದ್ದೆ. ಸಮುದ್ರಕ್ಕೆ. ನಿಂಗೆ ಮಾತು ಕೊಟ್ಟಿದ್ದೆ.”

“ಗೊತ್ತಿತ್ತು.”

“ಗೊತ್ತಿದ್ದೂ ಮಾಡಿದ್ಯಾ?”

“ಆ ಕೋಟು ನನ್ನ ಅಳತೇದು ಅಂತ ಮೊದಲ ದಿನಾನೇ ಗೊತ್ತಾಯ್ತು. ಗೊತ್ತಾದ್ಮೇಲೇ ಗೆಲ್ಬೇಕು ಅನ್ಸಿದ್ದು.” ತಂಗಿ ಈಗ ತಲೆಯೆತ್ತಿದಳು. “ನೀನು ಕರ್ಕೊಂಡು ಹೋಗೋದು, ನಾನು ಹಿಂದೆ ಬರೋದು. ಹುಟ್ಟಿದಾಗಿಂದ ಅದೇ ಆಯ್ತಲ್ಲಕ್ಕ. ಬಟನ್ ಅಂಗಡಿಯವಳ ಹಿಂದಿನ ಕೋಣೇಲಿ ಕೂತು ಆಡ್ತಿದ್ದೆ. ಅವಳನ್ನ ಕರ್ಕೊಂಡು ಹೋಗ್ತಿದೀನಿ. ಅವಳು ನನ್ನ ಹೆಸರು ಹಿಡಿದು ಕರೀತಾಳೆ.”

ಅದರಲ್ಲಿ ನಿಜವಿಲ್ಲವೆಂದು ಹೇಳುವಂತಿರಲಿಲ್ಲ, ಅಕ್ಕನಿಗೂ ಅದು ಗೊತ್ತಾಯಿತು. ಆದರೆ ಚುಚ್ಚಿಸಿಕೊಂಡವರಿಗೆ ಸೂಜಿಯ ಕಷ್ಟ ಕೇಳುವ ತಾಳ್ಮೆ ಎಲ್ಲಿರುತ್ತದೆ? ತಂಗಿ ತನ್ನನ್ನು ದಾಟಿ ಮುಂದೆ ನಡೆದು ಹೋಗಿದ್ದರೆ ಸಹಿಸಬಹುದಿತ್ತು. ತನ್ನ ಮಾತು, ತನ್ನ ನಗು, ತನ್ನ ಎರಡು ಬೆರಳು, ಎಲ್ಲವನ್ನೂ ಬಳಸಿಕೊಂಡು, ತಾನು ಕೊಡಬೇಕೆಂದಿದ್ದದ್ದನ್ನೇ ತನ್ನ ಕೈಯಿಂದ ಕಿತ್ತುಕೊಂಡು ಹೋಗುವುದೆಂದರೆ? ಕೈಗೆ ಬಂದ ತುತ್ತು ಬಾಯಿಗೆ ಬಾರದಿದ್ದರೆ ಹಾಳಾಗಲಿ. ಇದು ತಾನು ತಿನ್ನಿಸಲು ಎತ್ತಿದ್ದ ತುತ್ತು.

ಅಲ್ಲಿಂದ ಇಬ್ಬರೂ ಕೆಲಸಕ್ಕೆ ಬೇಕಾದಷ್ಟೇ ಮಾತಾಡಿದರು. ಡ್ರೈವರ್ ಬಂದಾಗ ಅಂಗಡಿಯ ಮೌನಕ್ಕೆ ಹೆದರಿ, ಪ್ಯಾಂಟು ಕೊಡದೆಯೇ ಹಿಂದಿರುಗಿದ. ತಂಗಿ ಹೊರಡುವ ಹಿಂದಿನ ದಿನ ಮಧ್ಯಾಹ್ನ, ಅವಳು ಚೀಲ ತರಲು ಹೋಗಿದ್ದಾಗ, ಅಕ್ಕ ಕೋಟನ್ನು ಗೂಟದಿಂದ ಇಳಿಸಿದಳು. ಒಳಪದರದ ಲೈನಿಂಗ್ ಇನ್ನೂ ಮುಚ್ಚಿರಲಿಲ್ಲ. ಅದನ್ನು ಮೇಜಿನ ಮೇಲೆ ಮಗುಚಿ ಹಾಸಿ, ಒಳಗೆ ಬಿಟ್ಟಿದ್ದ ಎರಡು ಬೆರಳಿನ ಬಟ್ಟೆಯನ್ನು ಕಂಕುಳಿಂದ ಅಂಚಿನವರೆಗೆ, ಎರಡೂ ಬದಿಗೆ, ಹೊಲಿಗೆಯ ಬುಡಕ್ಕೇ ಕತ್ತರಿಸಿ ತೆಗೆದಳು. ಕತ್ತರಿ ಒಂದು ನೂಲೂ ಆಚೀಚೆ ಹೋಗಲಿಲ್ಲ. ನೀಲಿ ಪಟ್ಟಿಗಳು ನೆಲದ ಮೇಲೆ ಸುರುಳಿಯಾಗಿ ಬಿದ್ದವು. ಅವಳು ಅಳುತ್ತಲೇ ಲೈನಿಂಗ್ ಮುಚ್ಚಿ ಹೊಲಿದಳು.

ಬೆಳಿಗ್ಗೆ ತಂಗಿ ಚೀಲ ಹಿಡಿದು ಅಂಗಡಿಗೆ ಇಳಿದು ಬಂದಳು. ಅಕ್ಕ ಕೋಟನ್ನು ಅವಳ ಕೈಗಿಟ್ಟಳು.

“ತಗೋ. ಅಲ್ಲಿ ಗಾಳಿ ಜಾಸ್ತಿಯಂತೆ.”

ತಂಗಿಯ ಕಣ್ಣು ತುಂಬಿ ಬಂತು. ಕೋಟು ತೊಟ್ಟು ಕನ್ನಡಿಯ ಮುಂದೆ ನಿಂತಳು. ಭುಜ, ತೋಳು, ಸೊಂಟ, ಒಂದು ಕಡೆಯೂ ಸುಕ್ಕಿಲ್ಲದೆ ಅಚ್ಚುಕಟ್ಟಾಗಿ ಕೂತಿತ್ತು. “ವಾಪಸ್ ಬಂದ್ಮೇಲೆ ಎಲ್ಲಾ ಕೂತು ಮಾತಾಡೋಣ ಅಕ್ಕ, ಆಯ್ತಾ?” ಎನ್ನುತ್ತಾ ಕಸುಬಿನವರ ಅಭ್ಯಾಸದಂತೆ ಪಕ್ಕೆಯ ಹೊಲಿಗೆಯನ್ನು ಬೆರಳಲ್ಲಿ ಚಿವುಟಿದಳು. ಬೆರಳು ಅಲ್ಲೇ ನಿಂತಿತು. ಇನ್ನೊಂದು ಪಕ್ಕೆಯನ್ನೂ ಚಿವುಟಿ ನೋಡಿದಳು.

“ಅಕ್ಕಾ, ಇದರೊಳಗೆ ಬಟ್ಟೆ ಬಿಟ್ಟಿಲ್ಲ.”

“ಇವತ್ತಿನ ಅಳತೆಗೆ ಸರಿ ಇದೆಯಲ್ಲ” ಎಂದಳು ಅಕ್ಕ. “ಮುಂದೆ ಬಿಚ್ಚಿ ಹೊಲಿಯೋ ಕೆಲಸ ನಂದಲ್ಲ.”

ತಂಗಿ ಗುಂಡಿ ಹಾಕಿಕೊಳ್ಳದೆ ಕನ್ನಡಿಯ ಮುಂದೆ ಹಾಗೇ ನಿಂತಿದ್ದಳು. ಹೊರಗೆ ಬಟನ್ ಅಂಗಡಿಯವಳು ಅವಳ ಹೆಸರು ಹಿಡಿದು ಕೂಗಿದಳು. ಅಕ್ಕ ಯಾರದೋ ಪ್ಯಾಂಟನ್ನು ಮೇಜಿನ ಮೇಲೆ ಹಾಸಿ, ಸೀಮೆಸುಣ್ಣ ತೆಗೆದುಕೊಂಡು ಗೆರೆ ಎಳೆಯತೊಡಗಿದಳು.